ದಾರಿದೀಪ ಮತ್ತು ದಾರಿಹೋಕ: ಧಾರವಾಡ ಜಿಲ್ಲೆಯ ಗ್ರಾಮೀಣ ರಸ್ತೆಗಳಲ್ಲಿ ಮಿತವ್ಯಯದ ಬೆಳಕು ಹಾಗೂ ಚಾಲಕರ ಸುರಕ್ಷತೆ

ಪ್ರಸ್ತಾವನೆ

ಜಾನಪದ ಅಧ್ಯಯನದಲ್ಲಿ ದೀಪವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಆಚರಣೆಯ ಸುತ್ತಲೇ ನಡೆದಿದೆ. ದೀಪಾವಳಿಯ ಹಣತೆ, ಕಾರ್ತಿಕದ ದೀಪೋತ್ಸವ, ಗುಡಿಯ ಮುಂದಣ ದೀಪಮಾಲೆಯ ಕಂಬ, ಪಲ್ಲಕ್ಕಿಯ ಮುಂದೆ ಸಾಗುವ ದೀವಟಿಗೆ ಇವು ವಿದ್ವಾಂಸರ ಗಮನ ಸೆಳೆದಿವೆ. ಆದರೆ ರಾತ್ರಿ ದಾರಿ ನಡೆಯುವವನು ಕೈಯಲ್ಲಿ ಹಿಡಿದ, ಚಕ್ಕಡಿಗೆ ಕಟ್ಟಿದ, ಊರ ಕಂಬದ ಮೇಲೆ ಉರಿದ ಬೆಳಕು ಅಷ್ಟಾಗಿ ಅಭ್ಯಾಸದ ವಸ್ತುವಾಗಿಲ್ಲ. ದಾರಿಯ ಬೆಳಕನ್ನು ಎಂಜಿನಿಯರುಗಳ ವಿಷಯವೆಂದು ಬದಿಗಿರಿಸಿದ್ದು ಇದಕ್ಕೆ ಒಂದು ಕಾರಣವಿರಬಹುದು.

ಈಗ ಆ ವಿಷಯವನ್ನು ಬದಿಗಿರಿಸುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಸುಮಾರು ಮೂರನೆಯ ಎರಡು ಪಾಲು ಗ್ರಾಮೀಣ ಪ್ರದೇಶದ ರಸ್ತೆಗಳಲ್ಲಿ ಸತ್ತವರು. ದಿನದ ಎಂಟು ಜಾವಗಳಲ್ಲಿ ಸಂಜೆ ಆರರಿಂದ ಒಂಬತ್ತರವರೆಗಿನ ಜಾವ ವರ್ಷವರ್ಷವೂ ಹೆಚ್ಚಿನ ಅಪಘಾತಗಳ ಜಾವವಾಗಿ ಕಾಣಿಸಿಕೊಳ್ಳುತ್ತದೆ. ಹೊಲದಿಂದ ದನ ಮರಳುವ, ಸಂತೆಯಿಂದ ಜನ ಮರಳುವ, ಮನೆಯಲ್ಲಿ ದೀಪ ಹಚ್ಚುವ ಹೊತ್ತು ಇದೇ.

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲೂಕುಗಳ ರಸ್ತೆಗಳನ್ನು ಆಧಾರವಾಗಿ ಇಟ್ಟುಕೊಂಡು, ವಿದ್ಯುತ್ತನ್ನು ಉಳಿಸುವ ಬೆಳಕು ಮತ್ತು ಜೀವವನ್ನು ಉಳಿಸುವ ಬೆಳಕು ಇವೆರಡರ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಕ್ಕಡಿಯ ಕಾಲದಲ್ಲಿ ದಾರಿಯ ಬೆಳಕಿನ ಮುಖ್ಯ ಕೆಲಸ ದಾರಿಹೋಕನನ್ನು ಇತರರಿಗೆ ಕಾಣಿಸುವುದಾಗಿತ್ತು. ಕಂಬದ ದೀಪ ಬಂದ ಮೇಲೆ ಈ ಕೆಲಸ ಯಾರದೂ ಅಲ್ಲದಂತಾಯಿತು. ಅದನ್ನು ಮರಳಿ ಸ್ಥಾಪಿಸದೆ ದೀಪಗಳನ್ನು ಬದಲಿಸಿದರೆ ಬಿಲ್ಲು ಇಳಿಯಬಹುದು, ಅಪಾಯ ಇಳಿಯದು ಎಂಬುದು ಇಲ್ಲಿಯ ಪ್ರತಿಪಾದನೆ.

ನೆಲ ಮತ್ತು ದಾರಿ

ಈ ನಾಲ್ಕು ತಾಲೂಕುಗಳ ನೆಲ ಒಂದೇ ಬಗೆಯದಲ್ಲ. ನವಲಗುಂದ ಮತ್ತು ಅಣ್ಣಿಗೇರಿ ಭಾಗ ಎರೆಯ ಬಯಲು. ಹೆಸರು, ಕಡಲೆ, ಬಿಳಿಜೋಳ, ಹತ್ತಿ, ಗೋವಿನಜೋಳ ಇಲ್ಲಿಯ ಬೆಳೆಗಳು. ಮರಗಳು ವಿರಳ, ದಾರಿ ನೇರ, ದೃಷ್ಟಿಗೆ ಅಡ್ಡವಿಲ್ಲ. ಕುಂದಗೋಳ ಭಾಗದಲ್ಲಿ ಎರೆ ಮತ್ತು ಮಸಾರಿ ಎರಡೂ ಉಂಟು. ಮೆಣಸಿನಕಾಯಿ ಮತ್ತು ಹತ್ತಿಯ ಹೊಲಗಳ ನಡುವೆ ಊರಿಂದ ಊರಿಗೆ ಕಿರಿದಾದ ರಸ್ತೆಗಳು ಹಾದುಹೋಗುತ್ತವೆ. ಕಲಘಟಗಿ ಅರೆಮಲೆನಾಡು, ಕಾಡಿನ ಅಂಚು, ಭತ್ತ ಮತ್ತು ಕಬ್ಬಿನ ಗದ್ದೆ, ಏರಿಳಿತ ಹಾಗೂ ತಿರುವುಗಳ ದಾರಿ.

ದಾರಿಗಳೂ ಹಳೆಯವು. ರೈಲು ಬರುವ ಮೊದಲು ಈ ಬಯಲಿನ ಹತ್ತಿ ಚಕ್ಕಡಿಗಳಲ್ಲಿ ಪಡುವಣಕ್ಕೆ ಸಾಗಿ, ಘಟ್ಟವಿಳಿದು ಕುಮಟಾದಂತಹ ಕಡಲ ಬಂದರುಗಳನ್ನು ಮುಟ್ಟುತ್ತಿತ್ತು. ಇಂದು ವಿಜಯಪುರದ ಕಡೆಯಿಂದ ಬಂದು ನವಲಗುಂದ, ಹುಬ್ಬಳ್ಳಿ, ಕಲಘಟಗಿಗಳ ಮೂಲಕ ಅಂಕೋಲೆಗೆ ಇಳಿಯುವುದು ರಾಷ್ಟ್ರೀಯ ಹೆದ್ದಾರಿ 52. ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೂಲಕ ಗದಗಿನತ್ತ ಹೋಗುವುದು ಹೆದ್ದಾರಿ 67. ಹಳೆಯ ಎಣಿಕೆಯಲ್ಲಿ ಅದು 63 ಆಗಿತ್ತು. ಚಕ್ಕಡಿ ಸಾಗುತ್ತಿದ್ದ ದಿಕ್ಕಿನಲ್ಲಿಯೇ ಈಗ ಅದಿರಿನ ಲಾರಿ, ರಾತ್ರಿ ಬಸ್ಸು, ಟ್ರ್ಯಾಕ್ಟರ್, ಮೋಟಾರು ಸೈಕಲ್ಲು, ಕುರಿಯ ಹಿಂಡು ಮತ್ತು ಕಾಲ್ನಡಿಗೆಯ ಭಕ್ತರು ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತಾರೆ. ವೇಗದ ಅಂತರವೇ ಇಲ್ಲಿಯ ಮೊದಲ ತೊಡಕು. ಗಂಟೆಗೆ ಎಂಬತ್ತು ಕಿಲೋಮೀಟರಿನ ಬಸ್ಸಿಗೆ ಹದಿನೈದು ಕಿಲೋಮೀಟರಿನ ಟ್ರ್ಯಾಕ್ಟರು ಹೆಚ್ಚುಕಡಿಮೆ ನಿಂತ ವಸ್ತುವೇ ಸರಿ.

2022ರ ಮೇ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಜಿಲ್ಲೆಯಲ್ಲಿ ಎರಡು ಘೋರ ರಾತ್ರಿ ಅಪಘಾತಗಳು ನಡೆದವು. ಧಾರವಾಡ ತಾಲೂಕಿನ ಬಾಡ ಗ್ರಾಮದ ಸಮೀಪ ಶುಭಕಾರ್ಯ ಮುಗಿಸಿ ಮರಳುತ್ತಿದ್ದವರ ವಾಹನ ಮರಕ್ಕೆ ಬಡಿಯಿತು. ಹುಬ್ಬಳ್ಳಿಯ ತಾರಿಹಾಳ ಬಳಿ ಬೈಪಾಸಿನಲ್ಲಿ ಬಸ್ಸು ಮತ್ತು ಲಾರಿ ಮುಖಾಮುಖಿಯಾದವು. ಬಸ್ಸು ಮುಂದಿದ್ದ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಯತ್ನಿಸಿದಾಗ ಈ ದುರಂತ ನಡೆಯಿತೆಂದು ಆಗ ವರದಿಯಾಗಿತ್ತು. ಇಂಥ ಘಟನೆಗಳಿಗೆ ಬೆಳಕಿನ ಕೊರತೆ ಒಂದೇ ಕಾರಣವೆನ್ನಲಾಗದು. ವೇಗ, ನಿದ್ದೆ, ರಸ್ತೆಯ ಅಗಲ ಎಲ್ಲವೂ ಸೇರಿರುತ್ತವೆ. ಆದರೂ ಮುಂದಿರುವುದನ್ನು ಎಷ್ಟು ದೂರದಿಂದ ಕಾಣಬಹುದು ಎಂಬ ಪ್ರಶ್ನೆ ಇಂಥ ಪ್ರತಿಯೊಂದು ಸಂದರ್ಭದಲ್ಲಿಯೂ ಏಳುತ್ತದೆ.

ಚಕ್ಕಡಿಯ ಕಾಲದ ಬೆಳಕು

ಹಿಂದಿನ ರಾತ್ರಿ ಪ್ರಯಾಣದಲ್ಲಿ ಬೆಳಕಿನ ಮೊದಲ ಮೂಲ ಚಂದ್ರ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಈ ಭಾಗದ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಹೋಗುವ ರೂಢಿ ಬಹು ಹಿಂದಿನದು. ಉಳವಿಯ ಚನ್ನಬಸವೇಶ್ವರ ಜಾತ್ರೆಗೂ ಚಕ್ಕಡಿಗಳ ಸಾಲು ಕಾಡುದಾರಿ ಹಿಡಿಯುತ್ತದೆ. ಹುಣ್ಣಿಮೆಯ ಜಾತ್ರೆಗೆ ಹೋಗುವವರಿಗೆ ಹಲವು ರಾತ್ರಿಗಳ ಬೆಳದಿಂಗಳು ದೊರಕುತ್ತಿತ್ತು. ಇದಕ್ಕೆ ಪ್ರತಿಯಾಗಿ ಅಮಾವಾಸ್ಯೆಯ ದಿನ ಎತ್ತು ಹೂಡದಿರುವ ಪದ್ಧತಿ ರೈತರಲ್ಲಿದೆ. ಅದು ಎತ್ತಿನ ವಿಶ್ರಾಂತಿಗೆ ಸಂಬಂಧಿಸಿದ ಕಟ್ಟಳೆ. ಆದರೆ ಕಗ್ಗತ್ತಲೆಯ ರಾತ್ರಿ ದಾರಿಯ ಮೇಲೆ ಗಾಡಿ ಕಡಿಮೆಯಿರುವಂತೆ ನೋಡಿಕೊಂಡದ್ದು ಅದರ ಇನ್ನೊಂದು ಫಲ.

ಎರಡನೆಯ ಮೂಲ ಕೈದೀಪ. ಕುಸುಬಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಹಿಲಾಲು, ದೀವಟಿಗೆ, ಬಳಿಕ ಸೀಮೆ ಎಣ್ಣೆಯ ಚಿಮಣಿ ಹಾಗೂ ಗಾಜಿನ ಬುರುಡೆಯ ಕಂದೀಲು, ಮದುವೆ ಮೆರವಣಿಗೆಗೆ ಗ್ಯಾಸಬತ್ತಿ, ಕೊನೆಗೆ ಕೈಬ್ಯಾಟರಿ ಎಂಬುದು ಇದರ ಕ್ರಮ. ಇವುಗಳಲ್ಲಿ ಚಕ್ಕಡಿಯ ಅಚ್ಚಿನ ಬಳಿ ತೂಗುಬಿಟ್ಟ ಕಂದೀಲು ವಿಶೇಷ ಪರಿಶೀಲನೆಗೆ ಅರ್ಹವಾದದ್ದು.

ಮೇಲ್ನೋಟಕ್ಕೆ ಈ ಕಂದೀಲಿನ ಉಪಯೋಗ ಅಲ್ಪ. ಅದು ಮುಂದಿನ ದಾರಿಯನ್ನು ಬೆಳಗದು. ದಾರಿ ಎತ್ತಿಗೆ ಗೊತ್ತು, ಗಾಡಿ ಹೊಡೆಯುವವನು ಎಷ್ಟೋ ವೇಳೆ ತೂಕಡಿಸುತ್ತಿರುತ್ತಾನೆ. ಕಂದೀಲಿನ ಕೆಲಸ ಬೇರೆ. ಅದು ಗಾಲಿಯನ್ನು, ಗಾಲಿ ಊರಿದ ನೆಲವನ್ನು, ಎತ್ತಿನ ಕಾಲನ್ನು ಬೆಳಗುತ್ತದೆ. ಎದುರು ಬರುವವನಿಗೂ ಹಿಂದೆ ಬರುವವನಿಗೂ ಅದು ಕಾಣುತ್ತದೆ. ಕಣ್ಣಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಯಾರ ಕಣ್ಣನ್ನೂ ಕೋರೈಸುವುದಿಲ್ಲ. ಗಾಡಿಯ ನಡೆಗೆ ತಕ್ಕಂತೆ ತೂಗುವುದರಿಂದ ಅದು ಗುಡಿಸಲ ದೀಪವಲ್ಲ, ಚಲಿಸುವ ಗಾಡಿಯ ದೀಪ ಎಂಬುದು ದೂರದಿಂದಲೇ ತಿಳಿಯುತ್ತದೆ. ಎತ್ತಿನ ಕೊರಳ ಗಂಟೆ ಮತ್ತು ಗೆಜ್ಜೆ ಇದೇ ಸೂಚನೆಯನ್ನು ಕಿವಿಗೆ ಕೊಡುತ್ತವೆ. ಇಷ್ಟೆಲ್ಲವನ್ನೂ ಒಂದು ರಾತ್ರಿಗೆ ಸ್ವಲ್ಪ ಎಣ್ಣೆಯಲ್ಲಿ ಸಾಧಿಸಲಾಗುತ್ತಿತ್ತು. ಮಿತವ್ಯಯ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದೊರೆಯುವುದು ಕಷ್ಟ.

ದೀಪಾವಳಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದನ ಕಾಯುವ ಹುಡುಗರು ಆಣಿ ಪೀಣಿಯ ಹಾಡು ಹೇಳುತ್ತ ಪಂಜು ಹಿಡಿದು ಮನೆಮನೆಯ ಕೊಟ್ಟಿಗೆಗೆ ಹೋಗಿ ದನಗಳಿಗೆ ಬೆಳಗುವ ಪದ್ಧತಿಯುಂಟು. ನವಲಗುಂದ ತಾಲೂಕಿನ ಯಮನೂರಿನಲ್ಲಿ ಬೆಣ್ಣಿಹಳ್ಳದ ನೀರಿನಿಂದಲೇ ದೀಪ ಉರಿಯಿತೆಂಬ ಐತಿಹ್ಯವಿದೆ. ಇಂಥ ಆಚರಣೆ, ಐತಿಹ್ಯಗಳಿಗೂ ರಸ್ತೆಯ ಸುರಕ್ಷತೆಗೂ ನೇರ ನಂಟು ಕಲ್ಪಿಸಬೇಕಾಗಿಲ್ಲ. ಆದರೆ ಬೆಳಕನ್ನು ಹಿಡಿದವನಿಗೆ ಇತರರ ಬಗೆಗೆ, ದನಕರುಗಳ ಬಗೆಗೆ ಸಹ, ಒಂದು ಕರ್ತವ್ಯವಿದೆ ಎಂಬ ಭಾವನೆ ಈ ಪ್ರದೇಶದ ಸಂಸ್ಕೃತಿಯಲ್ಲಿ ಬೇರೂರಿತ್ತೆಂಬುದು ಅವುಗಳಿಂದ ವಿದಿತವಾಗುತ್ತದೆ.

ಕಂಬದ ದೀಪ: ಹೊಣೆಯ ಸ್ಥಳಾಂತರ

ವಿದ್ಯುತ್ ಬೀದಿದೀಪದ ವಿಷಯದಲ್ಲಿ ಕರ್ನಾಟಕದ ಇತಿಹಾಸ ದೀರ್ಘವಾದದ್ದು. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆ ಆರಂಭವಾದ ವಿದ್ಯುತ್ತಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಬೀದಿದೀಪಗಳು ಬೆಳಗಿದವು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು ಬಹಳ ತಡವಾಗಿ, ಬಹುಪಾಲು ಏಕೀಕರಣದ ನಂತರ. 2002ರಿಂದ ಇಲ್ಲಿಯ ವಿತರಣೆಯ ಹೊಣೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು. ಬೀದಿದೀಪದ ಹೊಣೆ ಮತ್ತು ಬಿಲ್ಲು ಗ್ರಾಮ ಪಂಚಾಯತಿಯವು. 1993ರ ಪಂಚಾಯತ್ ರಾಜ್ ಅಧಿನಿಯಮ ಬೀದಿಗಳ ಬೆಳಕನ್ನು ಪಂಚಾಯತಿಯ ಕಾರ್ಯಗಳಲ್ಲಿ ಸೇರಿಸಿದೆ.

ಕಂಬದ ದೀಪದೊಂದಿಗೆ ಎರಡು ಬದಲಾವಣೆಗಳು ಉಂಟಾದವು. ಮೊದಲನೆಯದಾಗಿ, ಬೆಳಕು ಚಲಿಸುವ ವ್ಯಕ್ತಿಯಿಂದ ಸ್ಥಿರವಾದ ಕಂಬಕ್ಕೆ ಹೋಯಿತು. ಎರಡನೆಯದಾಗಿ, ಬೆಳಕಿಗೆ ಗಡಿ ಬಂದಿತು. ಊರ ಕೊನೆಯ ಕಂಬದವರೆಗೆ ಪಂಚಾಯತಿಯ ಬೆಳಕು. ಅಲ್ಲಿಂದ ಮುಂದಿನ ಊರಿನ ಮೊದಲ ಕಂಬದವರೆಗೆ ಯಾರ ಬೆಳಕೂ ಅಲ್ಲ. ಊರೂರುಗಳ ನಡುವಣ ಉದ್ದನೆಯ ರಸ್ತೆಯನ್ನೆಲ್ಲ ದೀಪದಿಂದ ತುಂಬಿಸುವುದು ಯಾವ ದೇಶದಲ್ಲಿಯೂ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಹೆದ್ದಾರಿಯಲ್ಲಿ ಸಹ ಕೂಡುರಸ್ತೆ, ಸೇತುವೆ, ಟೋಲ್ ನಾಕೆ, ಊರು ಹಾಯುವ ಭಾಗ ಇಂಥ ಕಡೆಗಳಲ್ಲಿ ಮಾತ್ರ ದೀಪಗಳಿರುವುದು ಸಾಮಾನ್ಯ. ಆದ್ದರಿಂದ ನಡುವಣ ಕತ್ತಲಲ್ಲಿ ಸಾಗುವವನು ತನ್ನ ಬೆಳಕನ್ನು ತಾನೇ ಒಯ್ಯಬೇಕಾದ ಸ್ಥಿತಿ ಹಿಂದಿನಂತೆಯೇ ಉಳಿದಿದೆ. ಕಂದೀಲು ಮಾತ್ರ ಹೋಗಿದೆ.

ಊರೊಳಗಣ ದೀಪಗಳಲ್ಲಿಯೂ ಒಂದು ಮೂಲ ದೋಷವುಂಟು. ಈ ಕಂಬಗಳು ತಂತಿಯನ್ನು ಎತ್ತಿ ಹಿಡಿಯಲು ನೆಟ್ಟವು, ಬೆಳಕನ್ನು ಹಂಚಲು ನೆಟ್ಟವಲ್ಲ. ಅವುಗಳ ಅಂತರ ತಂತಿಯ ಲೆಕ್ಕಕ್ಕೆ ಸರಿ, ಬೆಳಕಿನ ಲೆಕ್ಕಕ್ಕೆ ಹೆಚ್ಚು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ವಿರುದ್ಧವಾಗಿ ಇಲ್ಲಿ ದೀಪದ ಬುಡದಲ್ಲಿ ಬೆಳಕು, ಎರಡು ದೀಪಗಳ ನಡುವೆ ಕತ್ತಲೆ. ಇದರ ಜೊತೆಗೆ ಎರೆಯ ಭೂಮಿಯ ಗುಣವೂ ಸೇರುತ್ತದೆ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ಆಳವಾದ ಬುನಾದಿಯಿಲ್ಲದ ಕಂಬ ಕ್ರಮೇಣ ವಾಲುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಹೊಲಕ್ಕೋ ಚಾಲಕನ ಕಣ್ಣಿಗೋ ಬೀಳುತ್ತದೆ. ಇದೇ ಮಣ್ಣು ರಸ್ತೆಯ ಅಂಚನ್ನೂ ಒಡೆಯುತ್ತದೆ. ಒಡೆದ ಅಂಚು ರಾತ್ರಿ ಕಾಣದಿದ್ದರೆ ಮೋಟಾರು ಸೈಕಲ್ಲಿನವನು ಉರುಳುತ್ತಾನೆ.

ಉಳಿತಾಯದ ಲೆಕ್ಕ

ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಸೂಸುವ ರಂಜಕ ಲೇಪಿಸಿದಾಗ ಬಿಳಿ ಬೆಳಕು ದೊರೆತು ಬೀದಿದೀಪದ ಸ್ವರೂಪವೇ ಬದಲಾಯಿತು. ಭಾರತದಲ್ಲಿ 2015ರ ಜನವರಿ 5ರಂದು ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮ ಆರಂಭವಾಗಿ, ಮುಂದೆ ದೇಶದಾದ್ಯಂತ ಒಂದು ಕೋಟಿಗೂ ಮಿಕ್ಕಿ ಎಲ್‌ಇಡಿ ಬೀದಿದೀಪಗಳು ಅಳವಟ್ಟವು.

ಉಳಿತಾಯದ ಪ್ರಮಾಣವನ್ನು ಒಂದು ಸರಳ ಗಣನೆಯಿಂದ ತಿಳಿಯಬಹುದು. ಹಳೆಯ 40 ವ್ಯಾಟಿನ ಟ್ಯೂಬ್‌ಲೈಟು ಚೋಕಿನೊಡನೆ ಸುಮಾರು 50 ವ್ಯಾಟ್ ಬಳಸುತ್ತದೆ. ರಾತ್ರಿಗೆ ಹನ್ನೊಂದು ಗಂಟೆಯಂತೆ ವರ್ಷಕ್ಕೆ ಸುಮಾರು 4,000 ಗಂಟೆ ಉರಿದರೆ 200 ಯುನಿಟ್ ಖರ್ಚು. ಅದರ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಇಟ್ಟರೆ 80 ಯುನಿಟ್. ಒಂದು ಕಂಬಕ್ಕೆ ವರ್ಷಕ್ಕೆ 120 ಯುನಿಟ್ ಉಳಿಯಿತು. ಬೆಳಕನ್ನು ಬೇಕಾದ ದಿಕ್ಕಿಗೇ ಚೆಲ್ಲುವ ಗುಣ ಎಲ್‌ಇಡಿಗೆ ಇರುವುದರಿಂದ ರಸ್ತೆಯ ಮೇಲಿನ ಬೆಳಕು ಕಡಿಮೆಯಾಗದೆ ಈ ಉಳಿತಾಯ ಸಾಧ್ಯ.

ಆದರೆ ಹಳ್ಳಿಗಳ ಪರಿಚಿತ ದೃಶ್ಯವೊಂದು ಈ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಬೀದಿದೀಪಕ್ಕೆ ಪ್ರತ್ಯೇಕ ತಂತಿ ಮತ್ತು ಸ್ವಿಚ್ಚು ಇಲ್ಲದ ಕಡೆ ದೀಪಗಳು ಹಗಲಿನಲ್ಲಿಯೂ ಉರಿಯುತ್ತವೆ. 20 ವ್ಯಾಟಿನ ಎಲ್‌ಇಡಿ ವರ್ಷವಿಡೀ ಹಗಲಿರುಳು ಉರಿದರೆ 175 ಯುನಿಟ್ ನುಂಗುತ್ತದೆ. ಅಂದರೆ ಸರಿಯಾದ ಹೊತ್ತಿಗೆ ಹಚ್ಚಿ ಆರಿಸಿದ ಹಳೆಯ ಟ್ಯೂಬ್‌ಲೈಟಿಗೂ ಆರಿಸದೆ ಬಿಟ್ಟ ಎಲ್‌ಇಡಿಗೂ ಹೆಚ್ಚಿನ ಅಂತರವಿಲ್ಲ. ಮೀಟರು, ಪ್ರತ್ಯೇಕ ತಂತಿ, ಹೊತ್ತು ನೋಡಿ ಹಚ್ಚಿ ಆರಿಸುವ ಟೈಮರು ಇವು ದೀಪದಷ್ಟೇ ಮುಖ್ಯವಾದವು. ಹಗಲಿಡೀ ಉರಿದ ದೀಪದ ಆಯುಷ್ಯವೂ ಅಷ್ಟು ಬೇಗ ತೀರುತ್ತದೆ. ಆರಿದ ಮೇಲೆ ತಿಂಗಳುಗಟ್ಟಲೆ ಆ ತಿರುವು ಕತ್ತಲಲ್ಲಿಯೇ ಉಳಿಯುತ್ತದೆ.

ಸೌರ ದೀಪದ ಕಥೆಯೂ ಇಂಥದೇ. ತಂತಿಯಿಲ್ಲದ ಕೂಡುರಸ್ತೆಗೆ ಅದು ಅತ್ಯಂತ ಯೋಗ್ಯವಾದದ್ದು. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು, ಫಲಕದ ಧೂಳನ್ನು ಒರೆಸುತ್ತಿರಬೇಕು. ಗುಡಿಯ ನಂದಾದೀಪಕ್ಕೆ ಎಣ್ಣೆ ಹೊಯ್ಯುವ ಸರದಿ ಯಾರದೆಂಬುದು ಊರಿಗೆ ಗೊತ್ತಿರುತ್ತದೆ. ಸೌರ ದೀಪದ ಬ್ಯಾಟರಿಯ ಸರದಿ ಯಾರದೆಂಬುದು ಗೊತ್ತಿರುವುದಿಲ್ಲ.

ಕಣ್ಣು, ವೇಗ ಮತ್ತು ದೂರ

ಚಾಲಕನ ಸುರಕ್ಷತೆಯನ್ನು ಅರಿಯಲು ಬೆಳಕಿನ ಪ್ರಮಾಣದೊಡನೆ ಕಣ್ಣಿನ ನಡವಳಿಕೆಯನ್ನೂ ತಿಳಿಯಬೇಕು. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷಗಳೇ ಬೇಕು. ಎದುರಿನ ವಾಹನದ ಪ್ರಖರ ದೀಪ ಕಣ್ಣಿಗೆ ಬಡಿದರೆ ಕೆಲವು ಕ್ಷಣ ಏನೂ ಕಾಣದು. ವಯಸ್ಸಾದಂತೆ ಕಣ್ಣಿನ ಮಸೂರ ಮಸುಕಾಗಿ ಈ ತೊಂದರೆ ಹೆಚ್ಚುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಏನೂ ಕಾಣದ ಮೂರು ಸೆಕೆಂಡುಗಳಲ್ಲಿ ಅದು 66 ಮೀಟರ್ ಕುರುಡಾಗಿ ಓಡಿರುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಚಾಲಕನು ಅಪಾಯವನ್ನು ಗ್ರಹಿಸಿ ಬ್ರೇಕು ತುಳಿಯಲು ಎರಡೂವರೆ ಸೆಕೆಂಡು ಬೇಕು. ವಾಹನ ನಿಲ್ಲಲು 60 ಕಿಲೋಮೀಟರ್ ವೇಗದಲ್ಲಿ 80 ಮೀಟರ್, 80 ಕಿಲೋಮೀಟರ್ ವೇಗದಲ್ಲಿ 120 ಮೀಟರ್ ದೂರ ಬೇಕು. ತಗ್ಗಿಸಿದ ಹೆಡ್‌ಲೈಟು ರಸ್ತೆಯನ್ನು ಚೆನ್ನಾಗಿ ಬೆಳಗುವುದು ಸಾಮಾನ್ಯವಾಗಿ ಐವತ್ತು ಅರವತ್ತು ಮೀಟರಿನವರೆಗೆ. ಅಂದರೆ ನವಲಗುಂದದ ನೇರ ರಸ್ತೆಯಲ್ಲಿ ದೀಪ ತಗ್ಗಿಸಿ 80ರ ವೇಗದಲ್ಲಿ ಬರುವವನು ತಾನು ನಿಲ್ಲಬಲ್ಲ ದೂರದ ಅರ್ಧವನ್ನಷ್ಟೇ ಕಾಣುತ್ತಿರುತ್ತಾನೆ. ದೀಪ ಎತ್ತಿದರೆ ಎದುರಿನವನು ಕುರುಡಾಗುತ್ತಾನೆ. ಈ ಇಕ್ಕಟ್ಟಿನಿಂದ ಪಾರಾಗಲು ಎರಡೇ ದಾರಿ: ವೇಗ ತಗ್ಗಿಸುವುದು, ಇಲ್ಲವೆ ಮುಂದಿರುವ ವಸ್ತು ತಾನಾಗಿಯೇ ದೂರದಿಂದ ಕಾಣುವಂತಿರುವುದು.

ಬೀದಿದೀಪದ ಮಟ್ಟಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1944 ಸಂಹಿತೆ ಪ್ರಮುಖ ರಸ್ತೆಗಳಿಗೆ 30 ಮತ್ತು 15 ಲಕ್ಸ್, ಒಳರಸ್ತೆಗಳಿಗೆ 8 ಮತ್ತು 4 ಲಕ್ಸ್ ಸರಾಸರಿ ಬೆಳಕನ್ನು ನಿಗದಿ ಮಾಡಿತು. ಅದಕ್ಕಿಂತ ಮುಖ್ಯವಾದದ್ದು ಬೆಳಕಿನ ಸಮತೆ. ಅತ್ಯಂತ ಮಬ್ಬಾದ ಜಾಗದ ಬೆಳಕು ಸರಾಸರಿಯ ಶೇಕಡಾ 30ರಿಂದ 40ಕ್ಕಿಂತ ಕಡಿಮೆಯಾಗಬಾರದೆಂದು ಸಂಹಿತೆ ಹೇಳುತ್ತದೆ. ಕಂಬಗಳ ಅಂತರ ಬದಲಿಸದೆ ದೀಪವನ್ನು ಮಾತ್ರ ಪ್ರಖರಗೊಳಿಸಿದರೆ ಕಂಬದ ಕೆಳಗೆ ಬೆಳಕು ಹೆಚ್ಚಿ, ಅದಕ್ಕೆ ಹೋಲಿಸಿದಾಗ ನಡುವಣ ಕತ್ತಲೆ ಇನ್ನಷ್ಟು ಗಾಢವಾಗುತ್ತದೆ. ಆ ಕತ್ತಲೆಯಲ್ಲಿ ನಿಂತ ಎಮ್ಮೆ ಮೊದಲಿಗಿಂತಲೂ ಕಾಣದಾಗುತ್ತದೆ. ಹೆಚ್ಚು ಬೆಳಕೆಂದರೆ ಹೆಚ್ಚು ಸುರಕ್ಷತೆ ಎಂಬ ಗ್ರಹಿಕೆ ಇಲ್ಲಿ ತಪ್ಪುತ್ತದೆ.

ಬೆಳಕಿನ ಬಣ್ಣವೂ ವಿಚಾರಣೀಯ. ನೀಲಿಯ ಅಂಶ ಹೆಚ್ಚಿರುವ ತಣ್ಣನೆಯ ಬಿಳಿ ಬೆಳಕು ಕಣ್ಣನ್ನು ಹೆಚ್ಚು ಕೋರೈಸುತ್ತದೆ. ಮುಂಗಾರಿನ ಹುಳುಗಳನ್ನು ಹಳದಿ ಬೆಳಕಿಗಿಂತ ಹೆಚ್ಚಾಗಿ ಸೆಳೆಯುತ್ತದೆ. ಹುಳು ಮತ್ತು ಎರೆಯ ಧೂಳು ದೀಪದ ಮುಚ್ಚಳಕ್ಕೆ ಅಂಟಿ ಬೆಳಕನ್ನು ಕುಂದಿಸುತ್ತವೆ. ಹುಳುಗಳ ಮುಸುಕಿನೊಳಗೆ ಹೆಲ್ಮೆಟ್ಟಿನ ಗಾಜು ತೆರೆದು ಹೋಗುವ ಸವಾರನ ಪಾಡು ಬೇರೆ. ಸ್ವಲ್ಪ ಹಳದಿಗೆ ಒಲಿದ ಬಿಳಿ ಎಲ್‌ಇಡಿ, ಅಂದರೆ 3000ದಿಂದ 4000 ಕೆಲ್ವಿನ್ ವರ್ಣತಾಪದ್ದು, ಹಳ್ಳಿಯ ರಸ್ತೆಗೆ ಹೆಚ್ಚು ಸೂಕ್ತ.

ರಸ್ತೆಯೇ ಕಣವಾದಾಗ

ಈ ಪ್ರದೇಶದ ರಾತ್ರಿ ರಸ್ತೆಯ ಅಪಾಯಗಳಲ್ಲಿ ಕೃಷಿಯ ಪಾತ್ರ ದೊಡ್ಡದು. ಹಿಂದೆ ಹೊಲದಲ್ಲಿ ಕಣ ಮಾಡಿ, ನೆಲ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳ ಹಂತಿ ಕಟ್ಟಿ ರಾತ್ರಿಯಿಡೀ ರಾಶಿ ಮಾಡುತ್ತಿದ್ದರು. ಹಂತಿಯ ಪದಗಳು ಎಂಬ ಸಮೃದ್ಧ ಪ್ರಕಾರ ಹುಟ್ಟಿದ್ದು ಅಲ್ಲಿಯೇ. ಕಣದೊಳಗೆ ಚಪ್ಪಲಿ ಮೆಟ್ಟಬಾರದೆಂಬ ಕಟ್ಟಳೆಯಿತ್ತು. ಎತ್ತುಗಳು ಕಡಿಮೆಯಾಗಿ, ಕೂಲಿ ಹೆಚ್ಚಾಗಿ, ಕಣಕ್ಕೆ ಬಿಡುತ್ತಿದ್ದ ಜಾಗವೂ ಬಿತ್ತನೆಗೆ ಸೇರಿದ ಮೇಲೆ ಡಾಂಬರು ರಸ್ತೆಯೇ ಕಣವಾಯಿತು. ಹೆಸರು, ಕಡಲೆಯ ಗಿಡಗಳನ್ನು ರಸ್ತೆಗೆ ಹರವಿದರೆ ಹಾಯುವ ವಾಹನಗಳೇ ಹಂತಿಯ ಕೆಲಸ ಮಾಡುತ್ತವೆ. ಗೋವಿನಜೋಳದ ಕಾಳು ಒಣಗಲು ರಸ್ತೆಯ ಅರ್ಧ ಭಾಗ ಬೇಕಾಗುತ್ತದೆ.

ರೈತನ ಒತ್ತಡವನ್ನು ಅರಿಯದೆ ಇದನ್ನು ಅಪರಾಧವೆಂದು ಮಾತ್ರ ನೋಡುವುದು ಸರಿಯಲ್ಲ. ಹೆಸರಿನ ರಾಶಿಯ ಹೊತ್ತಿಗೆ ಮಳೆ ಮೋಡ ಕಟ್ಟಿರುತ್ತದೆ. ಒಂದು ದಿನ ತಡವಾದರೆ ಕಾಳು ಮೊಳೆಯುತ್ತದೆ. ಆದರೆ ರಾಶಿಗೆ ಗಡಿಯಾಗಿ ಇಟ್ಟ ಕಲ್ಲು, ಮುಳ್ಳುಕಂಟಿ, ಮುಚ್ಚಿದ ಕಪ್ಪು ತಾಡಪತ್ರಿ ಕತ್ತಲಾದ ಮೇಲೆ ಕೊಲ್ಲುವ ವಸ್ತುಗಳಾಗುತ್ತವೆ. ರಾಶಿ ಎತ್ತಿದ ಮೇಲೂ ಕಲ್ಲುಗಳು ಅಲ್ಲಿಯೇ ಉಳಿಯುವುದುಂಟು. ಇವು ಇರುವುದು ಊರಾಚೆ, ಯಾವ ಕಂಬದ ಬೆಳಕೂ ಮುಟ್ಟದ ಕಡೆ.

ಎರಡನೆಯದು ಟ್ರ್ಯಾಕ್ಟರಿನ ಟ್ರೇಲರು. ಕಲಘಟಗಿ ಭಾಗದಿಂದ ಹಳಿಯಾಳದ ಸಕ್ಕರೆ ಕಾರ್ಖಾನೆಯತ್ತ ಸಾಗುವ ಕಬ್ಬಿನ ಜೋಡಿ ಟ್ರೇಲರು, ಹತ್ತಿಯ ಹೇರು, ಮೇವಿನ ಹೇರು ಇವುಗಳ ಹಿಂದೀಪ ಎಷ್ಟೋ ವೇಳೆ ಒಡೆದಿರುತ್ತದೆ ಅಥವಾ ಹೇರಿನಡಿ ಮುಚ್ಚಿಹೋಗಿರುತ್ತದೆ. ಮೂರನೆಯದು ಕುರಿಯ ಹಿಂಡು ಮತ್ತು ಎಮ್ಮೆ. ಕುರುಬನ ಹೆಗಲ ಕರಿಯ ಕಂಬಳಿ ಮಳೆ ಚಳಿಗಳಿಗೆ ಒಳ್ಳೆಯ ರಕ್ಷೆ, ಆದರೆ ಕಪ್ಪು ಡಾಂಬರಿನ ಮೇಲೆ ಅದು ಕತ್ತಲೆಯೊಂದಿಗೆ ಒಂದಾಗುತ್ತದೆ. ಕಡುಬಣ್ಣದ ಉಡುಪಿನ ಮನುಷ್ಯ ತಗ್ಗಿಸಿದ ಹೆಡ್‌ಲೈಟಿನಲ್ಲಿ ಬಹುಮಟ್ಟಿಗೆ ಮೂವತ್ತು ಮೀಟರಿನ ಆಸುಪಾಸಿಗೆ ಬಂದಾಗಲೇ ಕಾಣುವುದು. ಬಿಳಿಯ ಧೋತರದವನು ಇನ್ನೂ ದೂರದಿಂದ ಕಾಣುತ್ತಾನೆ. ಪ್ರತಿಫಲಕದ ಪಟ್ಟಿ ಕಟ್ಟಿದವನು ನೂರು ಮೀಟರಿಗೂ ಆಚೆಯಿಂದ ಹೊಳೆಯುತ್ತಾನೆ.

ಪ್ರತಿಫಲಕಕ್ಕೆ ವಿದ್ಯುತ್ತು ಬೇಡ, ಬ್ಯಾಟರಿ ಬೇಡ. ಬಂದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವುದು ಅದರ ಗುಣ. ಇಂಗ್ಲೆಂಡಿನ ಯಾರ್ಕ್‌ಶೈರಿನ ಪರ್ಸಿ ಶಾ 1934ರಲ್ಲಿ ರಸ್ತೆಯ ನಡುವೆ ಹುದುಗಿಸುವ ಹೊಳೆಯುವ ಗುಂಡಿಯನ್ನು ರೂಪಿಸಿದಾಗ ಅದಕ್ಕೆ ಬೆಕ್ಕಿನ ಕಣ್ಣು ಎಂಬ ಹೆಸರಾಯಿತು. ರಾತ್ರಿ ಕೊಟ್ಟಿಗೆಗೆ ಕಂದೀಲು ಹಿಡಿದು ಹೋದ ಯಾವ ರೈತನಿಗೂ ದನದ ಕಣ್ಣಿನ ಈ ಹೊಳಪು ಅಪರಿಚಿತವಲ್ಲ. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 104ನೆಯ ನಿಯಮ ಪ್ರತಿಫಲಕಗಳನ್ನು ಕುರಿತದ್ದೇ ಆಗಿದೆ. ಟ್ರೇಲರಿನ ಹಿಂಬದಿಗೆ ಅಂಟಿಸಿದ ಕೆಂಪು ಪಟ್ಟಿ, ಎತ್ತಿನ ಕೋಡಿಗೆ ಸುತ್ತಿದ ಪಟ್ಟಿ, ಕುರುಬನ ಕೋಲಿಗೆ ಕಟ್ಟಿದ ಪಟ್ಟಿ ಇವು ಚಕ್ಕಡಿಯ ಕಂದೀಲು ಮಾಡುತ್ತಿದ್ದ ಕೆಲಸವನ್ನು ಎಣ್ಣೆಯೂ ಇಲ್ಲದೆ ಮಾಡುತ್ತವೆ. ಮಿತವ್ಯಯದ ಬೆಳಕುಗಳಲ್ಲಿ ಅತ್ಯಂತ ಮಿತವಾದದ್ದು ಇದೇ.

ನಂಬಿಕೆಯ ನಕಾಶೆ

ಹಳ್ಳಿಯ ಜನ ದಾರಿಯ ಅಪಾಯವನ್ನು ತಮ್ಮದೇ ಕ್ರಮದಲ್ಲಿ ಗುರುತಿಸಿಕೊಂಡಿರುತ್ತಾರೆ. ಇಂಥ ಹುಣಸೆಮರದ ತಿರುವಿನಲ್ಲಿ ಗಾಳಿಯಿದೆ, ಇಂಥ ಹಳ್ಳದ ಬಳಿ ರಾತ್ರಿ ನಿಲ್ಲಬಾರದು ಎಂಬ ಕಥನಗಳು ಎಲ್ಲ ಕಡೆ ಪ್ರಚಲಿತವಾಗಿವೆ. ಅಪಘಾತವಾದ ಜಾಗದಲ್ಲಿ ಕಲ್ಲು ನಿಲ್ಲಿಸಿ ಕುಂಕುಮ ಹಚ್ಚುವುದು, ವಾಹನ ನಿಧಾನಿಸಿ ಕಾಸು ಎಸೆಯುವುದು, ಅಮಾವಾಸ್ಯೆಗೆ ವಾಹನಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಕಾಯಿ ಒಡೆಯುವುದು ಈ ಪರಂಪರೆಯ ಹೊಸ ರೂಪಗಳು. ಇವುಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮೊದಲು ಒಂದು ಅಂಶವನ್ನು ಗಮನಿಸಬೇಕು. ಇಂಥ ಕಥೆಗಳು ಕೇಳಿಬರುವ ತಾಣಗಳು ಸಾಮಾನ್ಯವಾಗಿ ತಿರುವು, ಇಳಿಜಾರು, ಕಿರುಸೇತುವೆ, ಮರದ ನೆರಳು ಇರುವ ತಾಣಗಳು. ಅಂದರೆ ದೃಷ್ಟಿ ಕುಂದುವ ತಾಣಗಳು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಸೇತುವೆ ಮುಳುಗುವ ನವಲಗುಂದ ಸೀಮೆಯಲ್ಲಿ ರಾತ್ರಿ ಹಳ್ಳ ದಾಟಬಾರದೆಂಬ ಹಿರಿಯರ ಕಟ್ಟಳೆ ಬರಿಯ ಭಯವಲ್ಲ, ಅನುಭವ.

2019ರ ಮೋಟಾರು ವಾಹನ ತಿದ್ದುಪಡಿ ಅಧಿನಿಯಮ 198ಎ ಕಲಮಿನ ಮೂಲಕ ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ಲೋಪವೆಸಗಿದವರನ್ನೂ ಹೊಣೆಗಾರರನ್ನಾಗಿ ಮಾಡಿದೆ. ಅಪಾಯದ ತಾಣಗಳನ್ನು ಗುರುತಿಸುವಾಗ ಪೊಲೀಸ್ ದಾಖಲೆಗಳೊಂದಿಗೆ ಊರಿನ ಈ ಮೌಖಿಕ ನಕಾಶೆಯನ್ನೂ ಇಟ್ಟು ನೋಡಿದರೆ, ಜೀವಹಾನಿಯಾಗುವ ಮೊದಲೇ ದೀಪ ಅಥವಾ ಪ್ರತಿಫಲಕ ಬೇಕಾದ ಜಾಗ ತಿಳಿಯಬಹುದು. ಜಾನಪದ ಸಂಶೋಧಕರು ರಸ್ತೆ ಸುರಕ್ಷತೆಗೆ ಕೊಡಬಹುದಾದ ನೇರ ಕೊಡುಗೆ ಇಂಥ ಸಂಗ್ರಹ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಎಲ್‌ಇಡಿ ದೀಪಗಳಿಂದ ಪಂಚಾಯತಿಗಳ ವಿದ್ಯುತ್ ವೆಚ್ಚ ಇಳಿಯುವುದು ನಿಜ. ಆದರೆ ಪ್ರತ್ಯೇಕ ತಂತಿ, ಟೈಮರು ಮತ್ತು ನಿರ್ವಹಣೆ ಇಲ್ಲದಿದ್ದರೆ ಅದೂ ನಿಲ್ಲದು. ಉಳಿದ ಹಣ ಬೇರೆ ಖರ್ಚಿನಲ್ಲಿ ಕರಗದೆ ಊರ ಅಂಚಿನ ಕೂಡುರಸ್ತೆ, ಬಸ್ ನಿಲ್ದಾಣ, ಸೇತುವೆ ಮತ್ತು ತಿರುವುಗಳ ದೀಪಕ್ಕೆ ಸಲ್ಲಬೇಕು. ಊರೂರುಗಳ ನಡುವೆ ದೀಪದ ಕಂಬಕ್ಕಿಂತ ರಸ್ತೆಯಂಚಿನ ಬಿಳಿ ಗೆರೆ, ಹೊಳೆಯುವ ಗುಂಡಿ, ಟ್ರೇಲರಿನ ಪಟ್ಟಿ ಹೆಚ್ಚು ಪ್ರಯೋಜನಕರ. ಸಾಮೂಹಿಕ ಒಕ್ಕಲು ಕಣಗಳನ್ನು ಊರಿಗೊಂದರಂತೆ ಕಟ್ಟಿಸದೆ ರಸ್ತೆಯ ರಾಶಿ ನಿಲ್ಲದು. ಅಲ್ಲಿಯವರೆಗೆ ಕತ್ತಲಾಗುವ ಮೊದಲು ಕಲ್ಲುಗಳನ್ನು ತೆಗೆಯುವ ಕಟ್ಟಳೆಯನ್ನಾದರೂ ಊರು ತಾನೇ ಮಾಡಿಕೊಳ್ಳಬೇಕು. ಕಣದಲ್ಲಿ ಚಪ್ಪಲಿ ಮೆಟ್ಟಬಾರದೆಂಬ ಕಟ್ಟಳೆಯನ್ನು ಪಾಲಿಸಿಕೊಂಡು ಬಂದ ಸಮಾಜಕ್ಕೆ ಇದು ಅಸಾಧ್ಯವಲ್ಲ.

ಉಳಿಸಿದ ಯುನಿಟ್ಟುಗಳನ್ನು ಎಣಿಸುವುದು ಸುಲಭ, ಉಳಿಸಿದ ಜೀವಗಳನ್ನು ಎಣಿಸುವುದು ಕಷ್ಟ. ಆದ್ದರಿಂದಲೇ ವರದಿಗಳಲ್ಲಿ ಮೊದಲನೆಯದೇ ಹೆಚ್ಚು ಕಾಣುತ್ತದೆ. ಆದರೆ ಚಕ್ಕಡಿಯ ಅಚ್ಚಿಗೆ ಕಂದೀಲು ಕಟ್ಟಿದವನು ಎಣ್ಣೆಯ ಲೆಕ್ಕವನ್ನೂ ಬಲ್ಲವನಾಗಿದ್ದ, ಎದುರು ಬರುವವನ ಜೀವದ ಲೆಕ್ಕವನ್ನೂ ಬಲ್ಲವನಾಗಿದ್ದ. ಆ ಎರಡು ಲೆಕ್ಕಗಳನ್ನು ಮತ್ತೆ ಒಂದೆಡೆ ತರುವುದು ಇಂದಿನ ದಾರಿದೀಪದ ಯೋಜನೆಗಳ ಮುಂದಿರುವ ಕೆಲಸ.